ಓದುಗರ ಪ್ರಶ್ನೆ, ನಮ್ಮ ಉತ್ತರ: ಹೇವಿಳಂಬಿ ಸಂವತ್ಸರ, ಕ್ರಿ.ಶ. 1117

ಕಳೆದ ಸಂಚಿಕೆಯಲ್ಲಿ ತಲಕಾಡಿನ ಕೀರ್ತಿನಾರಾಯಣ ದೇವಾಲಯವನ್ನು ಕುರಿತು ಪ್ರಕಟಿಸಿದ್ದ ಟಿಪ್ಪಣಿಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು 1117 ಎಂಬ ಇಸವಿಯ ಸುತ್ತಲೇ ಇರುವುದರಿಂದ ಈ ಬಾರಿಯ ಅಂಕಣವನ್ನು ಆ ಒಂದು ವರ್ಷಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ವಿಷ್ಣುವರ್ಧನನು ತಲಕಾಡನ್ನು ಗೆದ್ದದ್ದು 1116ರಲ್ಲಿ ಎಂದು ಕೆಲವು ಪುಸ್ತಕಗಳಲ್ಲಿದೆ, 1117ರಲ್ಲಿ ಎಂದು ಇನ್ನು ಕೆಲವು ಪುಸ್ತಕಗಳಲ್ಲಿದೆ. ಯಾವುದನ್ನು ನಂಬಬೇಕು? (ತಿರುಮಕೂಡಲು ನರಸೀಪುರದ ಓದುಗರು)

ಉತ್ತರ: ಯುದ್ಧ ನಡೆದದ್ದು 1116ರಲ್ಲಿ ಎಂದು ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಆದರೆ ಆ ಗೆಲುವು ಕಲ್ಲಿನ ಮೇಲೆ ತುಂಬಿ ಕಾಣುವುದು ಮರುವರ್ಷ. ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಶಕವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಅದು ಯಾವಾಗಲೂ ಎರಡು ಇಸವಿಗಳಿಗೆ ಹಂಚಿಹೋಗುತ್ತದೆ. ಶಕ 1038, ಅಂದರೆ ದುರ್ಮುಖಿ ಸಂವತ್ಸರವು 1116ರ ವಸಂತದಲ್ಲಿ ಆರಂಭವಾಗಿ 1117ರ ಮಾರ್ಚ್ ಮೊದಲ ವಾರದವರೆಗೆ ನಡೆಯಿತು. ಆ ಸಂವತ್ಸರದ ಮಾಘದಲ್ಲೋ ಫಾಲ್ಗುಣದಲ್ಲೋ ನಡೆದ ಸಂಗತಿಯನ್ನು 78 ಕೂಡಿಸಿ ಸುಮ್ಮನೆ ಇಸವಿಗೆ ತಿರುಗಿಸಿದರೆ 1116 ಎಂದು ಬರುತ್ತದೆ. ತಿಂಗಳನ್ನೂ ಗಮನಿಸಿದರೆ 1117 ಆಗುತ್ತದೆ.

ಈ ಗೆಲುವಿನ ತೂಕ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಂಗರ ರಾಜಧಾನಿಯಾಗಿದ್ದ ತಲಕಾಡು ಸುಮಾರು 1004ರಲ್ಲಿ, ರಾಜರಾಜ ಚೋಳನ ಕಾಲದಲ್ಲಿ, ಚೋಳರ ವಶವಾಗಿ ರಾಜರಾಜಪುರವೆಂಬ ಹೆಸರು ಪಡೆಯಿತು. ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾವೇರಿಯ ಈ ತಿರುವಿನಲ್ಲಿ ತಮಿಳು ಶಾಸನಗಳು ಹುಟ್ಟಿದವು, ಚೋಳರ ಆಡಳಿತ ನಡೆಯಿತು. 1116ರ ಹೊತ್ತಿಗೆ ಕುಲೋತ್ತುಂಗ ಚೋಳನ ಪರವಾಗಿ ಇಲ್ಲಿ ಇದ್ದವನು ಅದಿಯಮನೆಂಬ ಸಾಮಂತ. ನಾಡನ್ನು ಒಪ್ಪಿಸೆಂದು ಹೊಯ್ಸಳ ದಂಡನಾಯಕ ಗಂಗರಾಜನು ಕೇಳಿದಾಗ, ಕಾದಿ ಗೆದ್ದುಕೊಳ್ಳಿ ಎಂಬ ಅರ್ಥದ ಮಾತನ್ನು ಆತ ಆಡಿದನೆಂದು ಶಾಸನ ಹೇಳುತ್ತದೆ. ಗಂಗರಾಜ ಕಾದಿದ, ಗೆದ್ದ. ‘ಗಂಗವಾಡಿ 96000’ ಎಂದು ಕರೆಯುತ್ತಿದ್ದ ನಾಡು ಹೊಯ್ಸಳರದಾಯಿತು. ‘ತಳಕಾಡುಗೊಂಡ’ ಎಂಬ ಬಿರುದನ್ನು ವಿಷ್ಣುವರ್ಧನ ಶಾಸನಗಳಲ್ಲಷ್ಟೇ ಅಲ್ಲ, ತನ್ನ ಚಿನ್ನದ ನಾಣ್ಯಗಳ ಮೇಲೂ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ. ಕೀರ್ತಿನಾರಾಯಣನ ಪ್ರತಿಷ್ಠೆಯಾದದ್ದು ಈ ವಿಜಯದ ನೆನಪಿಗಾಗಿ, 1117ರಲ್ಲಿ. ಮರಳಿನಡಿ ಬಹುಕಾಲ ಹುದುಗಿದ್ದ ಆ ಗುಡಿಯ ಕಲ್ಲುಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಬಿಚ್ಚಿ ಮತ್ತೆ ಜೋಡಿಸಿರುವುದನ್ನು ಈಗ ಅಲ್ಲಿಗೆ ಹೋದವರು ನೋಡಬಹುದು.

ಪ್ರಶ್ನೆ: ಬೇಲೂರಿನ ದೇವಾಲಯದ ಪ್ರತಿಷ್ಠೆ 1117ರ ಮಾರ್ಚ್ 10ರಂದು ಆಯಿತು ಎಂದು ತಾರೀಖು ಸಮೇತ ಹೇಳುತ್ತಾರೆ. ಒಂಬತ್ತು ಶತಮಾನಗಳ ಹಿಂದಿನ ದಿನವನ್ನು ಅಷ್ಟು ಖಚಿತವಾಗಿ ಹೇಳಲು ಹೇಗೆ ಸಾಧ್ಯ? (ಮೈಸೂರಿನ ನಿವೃತ್ತ ಗಣಿತ ಅಧ್ಯಾಪಕರು)

ಉತ್ತರ: ಶಾಸನ ಬರೆಸಿದವರು ನಮಗಾಗಿ ಒಂದಲ್ಲ, ಹಲವು ಗುರುತುಗಳನ್ನು ಬಿಟ್ಟುಹೋಗಿದ್ದಾರೆ. ಶಕವರ್ಷ 1039, ಹೇಮಳಂಬಿ ಅಥವಾ ಹೇವಿಳಂಬಿ ಸಂವತ್ಸರ, ಚೈತ್ರ ಮಾಸ, ಶುಕ್ಲಪಕ್ಷ, ಪಂಚಮಿ. ಇವೆಲ್ಲ ಒಂದೇ ದಿನದಲ್ಲಿ ಕೂಡಿಬರಬೇಕು. ಸಂವತ್ಸರವನ್ನು ತಾವೇ ಪರೀಕ್ಷಿಸಿ ನೋಡಬಹುದು. ಅರವತ್ತು ವರ್ಷಗಳ ಚಕ್ರ ಹದಿನೈದು ಬಾರಿ ತಿರುಗಿದರೆ 900 ವರ್ಷ. 1117ಕ್ಕೆ 900 ಕೂಡಿಸಿದರೆ 2017. ಆ ವರ್ಷದ ಯುಗಾದಿಯಂದು ನಮ್ಮ ಮನೆಗಳಲ್ಲಿ ಓದಿದ ಪಂಚಾಂಗವೂ ಹೇವಿಳಂಬಿಯದೇ. ಹಳೆಯ ಪಂಚಾಂಗವನ್ನು ಎತ್ತಿಟ್ಟಿರುವವರು ತೆಗೆದು ನೋಡಬಹುದು.

ಚಂದ್ರನ ಸಾಕ್ಷಿ ಇನ್ನೂ ಗಟ್ಟಿಯಾದದ್ದು. ಕ್ರೈಸ್ತರ ಈಸ್ಟರ್ ಹಬ್ಬವು ವಸಂತದ ಹುಣ್ಣಿಮೆಯ ನಂತರದ ಭಾನುವಾರ ಬರುತ್ತದೆಂಬುದು ತಮಗೆ ತಿಳಿದಿರುತ್ತದೆ. 1117ರಲ್ಲಿ ಆ ಹಬ್ಬ ಬಂದದ್ದು ಮಾರ್ಚ್ 25ರಂದು. ಹಾಗಾದರೆ ಅದಕ್ಕೆ ಹಿಂದಿನ ಕೆಲವೇ ದಿನಗಳಲ್ಲಿ ಹುಣ್ಣಿಮೆ ಆಗಿರಬೇಕು. ಅಲ್ಲಿಂದ ಹತ್ತು ತಿಥಿ ಹಿಂದಕ್ಕೆ ಎಣಿಸಿದರೆ ಶುದ್ಧ ಪಂಚಮಿ ಮಾರ್ಚ್ 10ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಯಗಚಿಯ ದಡದಲ್ಲಿ ಹೊಯ್ಸಳರ ಜೋಯಿಸರು ಎಣಿಸಿದ ಚಂದ್ರನನ್ನೇ ರೋಮಿನ ಪಾದ್ರಿಗಳೂ ಎಣಿಸುತ್ತಿದ್ದರು. ಒಬ್ಬರಿಗೊಬ್ಬರ ಪರಿಚಯವೇ ಇಲ್ಲದ ಎರಡು ಪಂಚಾಂಗಗಳು ಹೀಗೆ ಪರಸ್ಪರ ಸಾಕ್ಷಿ ನುಡಿಯುವುದನ್ನು ಕಂಡಾಗ ಆಗುವ ಸಂತೋಷ ದೊಡ್ಡದು.

ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಅದೇ ಕಾಲಕ್ಕೆ ಕರ್ನಾಟಕದ ಉತ್ತರ ಭಾಗದಲ್ಲಿ ಶಕವರ್ಷದ ಬದಲು ಚಾಳುಕ್ಯ ವಿಕ್ರಮ ವರ್ಷ ಬಳಕೆಯಲ್ಲಿತ್ತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದಾಗ ಆರಂಭಿಸಿದ ಆ ಲೆಕ್ಕದಲ್ಲಿ ಇದು 42ನೆಯ ವರ್ಷ. ವಿಷ್ಣುವರ್ಧನನು ಹೆಸರಿಗೆ ಆ ವಿಕ್ರಮಾದಿತ್ಯನ ಸಾಮಂತನೇ ಆಗಿದ್ದ. ತಲಕಾಡನ್ನು ಗೆದ್ದ ಬಲ ಆತನಿಗೆ ಬೇರೆಯದೇ ಧೈರ್ಯವನ್ನು ಕೊಟ್ಟಿರಬೇಕು. ಏಕೆಂದರೆ 1118ರಲ್ಲಿ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಳುಕ್ಯ ಸೈನ್ಯದ ಮೇಲೆ ಇದೇ ಗಂಗರಾಜ ರಾತ್ರಿಯಲ್ಲಿ ಎರಗಿದ.

ಪ್ರಶ್ನೆ: ನಮ್ಮ ಮಂಡ್ಯ ಜಿಲ್ಲೆಗೂ 1117ಕ್ಕೂ ಏನಾದರೂ ನಂಟಿದೆಯೇ? (ಮದ್ದೂರಿನ ಓದುಗರು)

ಉತ್ತರ: ಇದೆ, ಅದೂ ತಮ್ಮ ತಾಲ್ಲೂಕಿನಲ್ಲೇ ಇದೆ. ಮೇಲೆ ಹೇಳಿದ ಅದಿಯಮನ ಪ್ರಸಂಗ ತಿಳಿದುಬರುವುದು ತಿಪ್ಪೂರಿನ, ಅಂದರೆ ಈಗಿನ ಅರೆತಿಪ್ಪೂರಿನ, 1117ರ ಶಾಸನದಿಂದ. ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕನಿಗೆ ಮೆಚ್ಚಿದ ಅರಸನು ಬೇಡಿದ್ದನ್ನು ಕೊಡುವೆನೆಂದಾಗ, ಗಂಗರಾಜನು ಕೇಳಿದ್ದು ಈ ತಿಪ್ಪೂರನ್ನು. ಪಡೆದುದನ್ನು ತನಗಾಗಿ ಇಟ್ಟುಕೊಳ್ಳಲಿಲ್ಲ. ಜೈನ ಗುರು ಮೇಘಚಂದ್ರ ಸಿದ್ಧಾಂತದೇವರಿಗೆ ದಾನವಾಗಿ ಕೊಟ್ಟ. ಅರೆತಿಪ್ಪೂರಿನ ಬೆಟ್ಟಗಳು ಗಂಗರ ಕಾಲದಿಂದಲೂ ಜೈನರ ನೆಲೆ. ಅಲ್ಲಿ ಭೂಮಿಯಡಿಯಿಂದ ಬಸದಿಗಳ ತಳಪಾಯಗಳೂ ಜಿನಮೂರ್ತಿಗಳೂ ಹೊರಬಂದಿವೆ, ಬೆಟ್ಟದ ಮೇಲೆ ಗೊಮ್ಮಟನ ಮೂರ್ತಿಯೂ ಇದೆ. ಇಷ್ಟಾದರೂ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಹಾದುಹೋಗುವ ಜನ ಅತ್ತ ತಿರುಗುವುದು ಕಡಿಮೆ.

ಗಂಗರಾಜನ ಬಗ್ಗೆ ನಮ್ಮ ಶಾಲೆಯ ಪಾಠಗಳಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಇರುವುದಿಲ್ಲವೆಂಬುದು ನಮಗೆ ನಿಜವಾಗಿಯೂ ಬೇಸರ ತರುವ ಸಂಗತಿ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದದ ಬಳಿ ಚಾಮುಂಡರಾಯನ ಹೆಸರಿನ ಜೊತೆಗೆ ‘ಶ್ರೀ ಗಂಗರಾಜ ಸುತ್ತಾಲಯವಂ ಮಾಡಿಸಿದಂ’ ಎಂದು ಕೊರೆದಿದೆ. ಬಾಹುಬಲಿಯ ಸುತ್ತ ಇಂದು ನಾವು ಕಾಣುವ ಆವರಣದ ಕೆಲಸ ಸುಮಾರು ಇದೇ ಕಾಲದ್ದು. ಅದೇ ಸಂಗತಿಯನ್ನು ಅಲ್ಲಿ ಮರಾಠಿಯಲ್ಲಿಯೂ ಬರೆಸಲಾಗಿದೆ, ಮತ್ತು ಆ ಸಾಲು ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಒಂದೆಂದು ಆ ಭಾಷೆಯವರು ಗೌರವಿಸುತ್ತಾರೆ. ತಾಯಿ ಪೋಚಿಕಬ್ಬೆಗಾಗಿ ಚಿಕ್ಕಬೆಟ್ಟದಲ್ಲಿ ಬಸದಿ ಕಟ್ಟಿಸಿದವನೂ ಇವನೇ. ಯುದ್ಧದ ಫಲವಾಗಿ ಬಂದ ಸಂಪತ್ತು ಎಲ್ಲಿಗೆ ಹೋಯಿತು ಎಂದು ಕೇಳುವವರಿಗೆ 1117ರ ಶಾಸನಗಳು ಊರು ಊರಿನ ಹೆಸರು ಹೇಳಿ ಉತ್ತರ ಕೊಡುತ್ತವೆ.

ಪ್ರಶ್ನೆ: ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿ ಬಿಟ್ಟಿದೇವನಿಗೆ ವಿಷ್ಣುವರ್ಧನನೆಂದು ಹೆಸರಿಟ್ಟು ವೈಷ್ಣವ ದೀಕ್ಷೆ ಕೊಟ್ಟದ್ದು 1117ರಲ್ಲಿಯೇ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಇದಕ್ಕೆ ಆಧಾರವೇನು? (ಪಾಂಡವಪುರದ ಓದುಗರು)

ಉತ್ತರ: ಆಚಾರ್ಯರು ಮೇಲುಕೋಟೆ ಮತ್ತು ತೊಣ್ಣೂರಿನ ಸೀಮೆಯಲ್ಲಿ ನೆಲೆಸಿದ್ದರೆಂಬುದು ಶ್ರೀವೈಷ್ಣವ ಗುರುಪರಂಪರೆಯ ದೃಢವಾದ ನಂಬಿಕೆ, ಚೆಲುವನಾರಾಯಣನ ಗುಡಿಯ ಪೂಜಾಕ್ರಮದಲ್ಲಿ, ಉತ್ಸವಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಅರಸನ ಮಗಳ ಕಾಯಿಲೆ ವಾಸಿಯಾದದ್ದು, ಅರಸ ಮತ ಬದಲಿಸಿದ್ದು ಮುಂತಾದ ಕಥೆ ಬರುವುದು ಆ ಪರಂಪರೆಯ ಗ್ರಂಥಗಳಲ್ಲಿ. ಬೇಲೂರಿನಲ್ಲಿ ವಿಜಯನಾರಾಯಣ (ಈಗ ನಾವು ಚೆನ್ನಕೇಶವನೆನ್ನುವ ದೇವರು), ತಲಕಾಡಿನಲ್ಲಿ ಕೀರ್ತಿನಾರಾಯಣ ಒಂದೇ ವರ್ಷ ಪ್ರತಿಷ್ಠೆಯಾದುದರಿಂದ ದೀಕ್ಷೆಯೂ ಆ ಹೊತ್ತಿಗೆ ಆಗಿರಬೇಕೆಂಬ ಊಹೆ ಬೆಳೆದು, ಕಾಲಕ್ರಮದಲ್ಲಿ ಇಸವಿಯಾಗಿ ಗಟ್ಟಿಯಾಯಿತು. ಗದಗು, ತೊಣ್ಣೂರು, ಮೇಲುಕೋಟೆಗಳನ್ನು ಸೇರಿಸಿ ಹೇಳುವ ಪಂಚನಾರಾಯಣ ಪ್ರತಿಷ್ಠೆಯ ಕಥೆಯೂ ಇದೇ ಬಗೆಯದು. ಆ ಐದು ಗುಡಿಗಳೂ ಒಂದೇ ವರ್ಷದವಲ್ಲ.

ಅರಸನು ವಿಷ್ಣುಭಕ್ತನಾಗಿದ್ದನೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆತ ಜೈನರಿಗೆ ಬೆನ್ನು ತಿರುಗಿಸಿದನೆಂಬ ಮಾತನ್ನು ಅವನ ಕಾಲದ ಶಾಸನಗಳು ಒಪ್ಪುವುದಿಲ್ಲ. ಇದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಪಟ್ಟದರಸಿ ಶಾಂತಲದೇವಿ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅವಳೇ 1117ರಲ್ಲಿ ಬೇಲೂರಿನ ದೊಡ್ಡ ಗುಡಿಯ ಪಕ್ಕದಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದವಳು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಪ್ರತಿಷ್ಠೆ ಮಾಡಿಸಿ ಪ್ರಸಾದ ಕಳಿಸಿದಾಗ, ಅರಸನು ಅದನ್ನು ಆದರದಿಂದ ಸ್ವೀಕರಿಸಿ, ಅದೇ ಹೊತ್ತಿಗೆ ದೊರೆತ ವಿಜಯವನ್ನೂ ಹುಟ್ಟಿದ ಮಗನನ್ನೂ ನೆನೆದು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. 1117ರ ಒಂದೇ ವರ್ಷದಲ್ಲಿ ಅರಸ ಎರಡು ನಾರಾಯಣರನ್ನು ಸ್ಥಾಪಿಸಿದ್ದು, ಜೈನ ರಾಣಿ ವಿಷ್ಣುವಿನ ಗುಡಿ ಮಾಡಿಸಿದ್ದು, ಜೈನ ದಂಡನಾಯಕ ತನಗೆ ಬಂದ ಊರನ್ನು ಗುರುವಿಗೆ ಒಪ್ಪಿಸಿದ್ದು ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಒಂದು ದಿನದ ಮತಾಂತರದ ಕಥೆಗಿಂತ ದೊಡ್ಡದಾದ ಬಾಳು ಕಾಣುತ್ತದೆ.

ಪ್ರಶ್ನೆ: ಜಕಣಾಚಾರಿ ಬೇಲೂರಿನ ಗುಡಿಯನ್ನು ಕಟ್ಟಿದ್ದು ನಿಜವೇ? (ಮಂಡ್ಯದ ಪ್ರೌಢಶಾಲೆಯ ವಿದ್ಯಾರ್ಥಿನಿ)

ಉತ್ತರ: ಬೇಲೂರಿನ ಶಾಸನಗಳಲ್ಲಿ ಆ ಹೆಸರು ಇಲ್ಲ. ಆದರೆ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಸಹಿ ಮಾಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಅವರಲ್ಲಿ ಪ್ರಮುಖರು. ಮುಂದಿನ ಬಾರಿ ಬೇಲೂರಿಗೆ ಹೋದಾಗ ಮದನಿಕೆಯರ ಮುಖವನ್ನು ನೋಡಿ ಮುಗಿದ ಮೇಲೆ ಪೀಠದ ಅಕ್ಷರಗಳನ್ನೂ ನೋಡು.

ಪ್ರಶ್ನೆ: ಬೇಲೂರು, ತಲಕಾಡುಗಳಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಜಗತ್ತಿನ ಉಳಿದ ಕಡೆ ಏನಾಗುತ್ತಿತ್ತು? (ಮೈಸೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಯುರೋಪಿನಲ್ಲಿ ಆ ವರ್ಷ ಹುಟ್ಟಿದ್ದೇ ಭೂಕಂಪದೊಂದಿಗೆ. 1117ರ ಜನವರಿ 3ರಂದು, ಬುಧವಾರ, ಇಟಲಿಯ ಉತ್ತರ ಭಾಗ ನಡುಗಿತು. ವೆರೋನಾ ನಗರಕ್ಕೆ ಬಿದ್ದ ಪೆಟ್ಟು ದೊಡ್ಡದು. ಅಲ್ಲಿ ರೋಮನ್ನರು ಕಟ್ಟಿದ್ದ ಭಾರಿ ಬಯಲು ರಂಗಮಂದಿರದ ಹೊರಗೋಡೆಯ ಬಹುಭಾಗ ಕುಸಿದು, ಇಂದು ಅದರಲ್ಲಿ ನಾಲ್ಕು ಕಮಾನುಗಳ ಒಂದು ತುಂಡು ಮಾತ್ರ ನಿಂತಿದೆ. ಪಾರ್ಮಾ, ಕ್ರೆಮೋನಾ ನಗರಗಳ ಹೊಸ ಇಗರ್ಜಿಗಳು ಬಿರುಕುಬಿಟ್ಟವು. ಆ ಪ್ರದೇಶದ ಎಷ್ಟೋ ದೊಡ್ಡ ಇಗರ್ಜಿಗಳ ಇಂದಿನ ರೂಪ ಆ ದುರಂತದ ನಂತರ ಮತ್ತೆ ಕಟ್ಟಿದ್ದರ ಫಲ.

ಅದೇ ಇಟಲಿಗೆ ಜರ್ಮನ್ ಚಕ್ರವರ್ತಿ ಐದನೆಯ ಹೆನ್ರಿ ಸೈನ್ಯದೊಡನೆ ಬಂದಿದ್ದ. ಧರ್ಮಗುರುಗಳ ನೇಮಕಾತಿ ಅರಸನ ಹಕ್ಕೋ ಪೋಪನ ಹಕ್ಕೋ ಎಂಬ ಜಗಳ ದಶಕಗಳಿಂದ ನಡೆದಿತ್ತು. ಎರಡನೆಯ ಪಾಸ್ಕಲ್ ಪೋಪ್ ರೋಮನ್ನೇ ಬಿಟ್ಟು ಹೋದ. ಆಗ ಈಸ್ಟರ್ ದಿನ, ಅಂದರೆ ಬೇಲೂರಿನ ಪ್ರತಿಷ್ಠೆಯಾದ ಹದಿನೈದನೆಯ ದಿನ, ಹೆನ್ರಿಗೆ ಕಿರೀಟವಿಟ್ಟವನು ಪೋರ್ಚುಗಲ್ಲಿನ ಬ್ರಾಗಾದ ಆರ್ಚ್‌ಬಿಷಪ್ ಮಾರಿಸ್. ಪೋಪ್ ಅವನನ್ನು ಬಹಿಷ್ಕರಿಸಿದ. ಮರುವರ್ಷ ರೋಮಿನ ಪೋಪನಿಗೆ ಪ್ರತಿಯಾಗಿ ಹೆನ್ರಿಯು ಆ ಮಾರಿಸನನ್ನೇ ಇನ್ನೊಬ್ಬ ಪೋಪನನ್ನಾಗಿ ಕೂರಿಸಿದ.

ಇಂಗ್ಲೆಂಡಿನ ಸುದ್ದಿ ನಮಗೆ ಸಿಗುವುದು ಪೀಟರ್‌ಬರೋ ಮಠದ ವೃತ್ತಾಂತದಿಂದ. 1116ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದ ಆ ಮಠದಲ್ಲಿ ಸನ್ಯಾಸಿಗಳು ಕೆಲವು ವರ್ಷಗಳ ನಂತರ ಹಳೆಯ ದಾಖಲೆಗಳನ್ನು ಮತ್ತೆ ನಕಲು ಮಾಡಿಕೊಂಡು ಮುಂದುವರಿಸಿದರು. 1117ರ ಕೆಳಗೆ ಅವರು ಬರೆದಿರುವುದು ಹೀಗೆ: ದೊರೆ ಒಂದನೆಯ ಹೆನ್ರಿ ಫ್ರಾನ್ಸಿನ ದೊರೆಯೊಂದಿಗಿನ ಜಗಳದಿಂದ ವರ್ಷವಿಡೀ ನಾರ್ಮಂಡಿಯಲ್ಲೇ ಉಳಿದ, ತೆರಿಗೆಗಳಿಂದ ನಾಡು ಬಳಲಿತು, ಡಿಸೆಂಬರ್ ಮೊದಲ ರಾತ್ರಿ ಗುಡುಗು ಮಿಂಚು ಆಲಿಕಲ್ಲು, 11ರ ರಾತ್ರಿ ಚಂದ್ರ ರಕ್ತದಂತೆ ಕೆಂಪಾಗಿ ಗ್ರಹಣ ಹಿಡಿಯಿತು, ವರ್ಷವೆಲ್ಲ ಬಿಡದೆ ಸುರಿದ ಮಳೆಗೆ ಪೈರು ಹಾಳಾಯಿತು. ಇಲ್ಲಿ ನಮ್ಮ ಮನಸ್ಸು ತುಸು ತಡೆದು ನಿಲ್ಲುತ್ತದೆ. ನಮ್ಮ ಶಾಸನಗಳು ಗದ್ದೆಯ ಎಲ್ಲೆಯನ್ನು ಕಲ್ಲು, ಮರ, ಕೆರೆ ಹೆಸರಿಸಿ ಹೇಳುತ್ತವೆ, ಯಾರು ಯಾರಿಗೆ ಕೊಟ್ಟರೆಂದು ಹೇಳುತ್ತವೆ. ಆ ಗದ್ದೆಯಲ್ಲಿ ಆ ವರ್ಷ ಬೆಳೆ ಹೇಗಿತ್ತೆಂದು ಹೇಳುವುದಿಲ್ಲ. 1117ರಲ್ಲಿ ಕಾವೇರಿ ತುಂಬಿತ್ತೋ ಬತ್ತಿತ್ತೋ, ತಲಕಾಡಿನ ಒಕ್ಕಲು ಮಕ್ಕಳು ಹೊಸ ಒಡೆಯರನ್ನು ಹೇಗೆ ಕಂಡರೋ ತಿಳಿಯುವ ಹಂಬಲ ಇತಿಹಾಸ ಓದುವ ಯಾರಿಗಾದರೂ ಇರುತ್ತದೆ. ಇಂಗ್ಲೆಂಡಿನ ಮಠದ ಆ ಕೆಲವು ಸಾಲುಗಳು ಆ ಹಂಬಲವನ್ನು ಹೆಚ್ಚಿಸುತ್ತವೆ.

ಘಜ್ನಿಯ ಸಂಗತಿ ನಮಗೆ ಹತ್ತಿರದ್ದು. ಸೋಮನಾಥವನ್ನು ಕೊಳ್ಳೆ ಹೊಡೆದ ಮಹಮೂದನ ವಂಶದಲ್ಲಿ ಆಗ ಅಣ್ಣತಮ್ಮಂದಿರ ಕಾಳಗ. ಸಿಂಹಾಸನದಲ್ಲಿದ್ದ ಅರ್ಸ್ಲಾನ್ ಶಾಹನಿಂದ ತಪ್ಪಿಸಿಕೊಂಡ ಬಹ್ರಾಮ್ ಶಾಹನು ಸೆಲ್ಜುಕ್ ತುರ್ಕರ ಸಂಜರನ ಆಶ್ರಯ ಪಡೆದ. 1117ರಲ್ಲಿ ಸಂಜರ್ ಘಜ್ನಿಯನ್ನು ಗೆದ್ದು ಬಹ್ರಾಮನನ್ನು ತನಗೆ ಕಪ್ಪ ಕೊಡುವ ಅರಸನನ್ನಾಗಿ ಮಾಡಿದ. ನೂರು ವರ್ಷಗಳ ಹಿಂದೆ ಸುತ್ತಲ ನಾಡುಗಳನ್ನು ನಡುಗಿಸಿದ ಊರು ಹೀಗೆ ಇನ್ನೊಬ್ಬರ ಕೈಕೆಳಗೆ ಬಂತು.

ಚೀನಾದಲ್ಲಿ ಸುಂಗ್ ವಂಶದ ಹುಯ್‌ಜುಂಗ್ ಚಕ್ರವರ್ತಿ ಆಳುತ್ತಿದ್ದ. ಆತ ಚಿತ್ರಕಾರ, ಸುಂದರ ಬರವಣಿಗೆಗೆ ಹೆಸರಾದವನು. 1117ರಲ್ಲಿ ಆತ ತನ್ನನ್ನು ದಾವ್ ಧರ್ಮದ ಒಡೆಯನೆಂದು ಸಾರಿಕೊಂಡ, ಮತ್ತು ರಾಜಧಾನಿ ಕೈಫೆಂಗಿನ ಈಶಾನ್ಯದಲ್ಲಿ ಗೆನ್‌ಯುವೆ ಎಂಬ ಕೃತಕ ಬೆಟ್ಟದ ಉದ್ಯಾನ ಕಟ್ಟಲು ಆರಂಭಿಸಿದ. ಆ ದಿಕ್ಕನ್ನು ಎತ್ತರಿಸಿದರೆ ಸಂತಾನ ಹೆಚ್ಚುವುದೆಂದು ಅಲ್ಲಿನ ಸ್ಥಳಶಾಸ್ತ್ರಜ್ಞರು ಹೇಳಿದ್ದರಂತೆ. ನಮ್ಮ ವಾಸ್ತುವಿನವರು ಈಶಾನ್ಯ ತಗ್ಗಾಗಿರಬೇಕೆನ್ನುತ್ತಾರೆ. ಉದ್ಯಾನಕ್ಕೆ ಬೇಕಾದ ವಿಚಿತ್ರ ಬಂಡೆಗಳನ್ನೂ ಗಿಡಗಳನ್ನೂ ದಕ್ಷಿಣದಿಂದ ಕಾಲುವೆಗಳ ಮೂಲಕ ದೋಣಿಗಳಲ್ಲಿ ಸಾಗಿಸುವ ಹೊರೆ ಜನರ ಮೇಲೆ ಬಿತ್ತು. 1120ರಲ್ಲಿ ಆ ಭಾಗದಲ್ಲಿ ದೊಡ್ಡ ದಂಗೆ ಎದ್ದಿತು. ಉತ್ತರದಲ್ಲಿ ಜುರ್ಚೆನ್ನರು 1115ರಲ್ಲಷ್ಟೇ ಕಟ್ಟಿದ್ದ ಜಿನ್ ರಾಜ್ಯವು 1127ರಲ್ಲಿ ಕೈಫೆಂಗನ್ನು ವಶಪಡಿಸಿಕೊಂಡು ಆ ಕಲಾವಿದ ಅರಸನನ್ನೇ ಸೆರೆಯೊಯ್ದಿತು. ಬೇಲೂರಿನ ಗುಡಿ ಇಂದಿಗೂ ನಿಂತಿದೆ, ಗೆನ್‌ಯುವೆ ಹತ್ತು ವರ್ಷವೂ ಬಾಳಲಿಲ್ಲ.

ಪ್ರಶ್ನೆ: ಇವೆಲ್ಲ ಬೇರೆ ಬೇರೆ ಲೋಕಗಳಂತೆ ಕಾಣುತ್ತವೆ. ನಮ್ಮವರಿಗೆ ಆ ಕಾಲದಲ್ಲಿ ಕಡಲಾಚೆಯ ಸಂಪರ್ಕ ಇತ್ತೇ? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ಖಂಡಿತ ಇತ್ತು, ಮತ್ತು ಅದು ಅರಸರಿಗಿಂತ ಹೆಚ್ಚಾಗಿ ವ್ಯಾಪಾರಿಗಳದು. ತಲಕಾಡನ್ನು ಕಳೆದುಕೊಂಡ ಕುಲೋತ್ತುಂಗ ಚೋಳನ ಕಾಲದಲ್ಲಿಯೇ, 1077ರಲ್ಲಿ, ಚೋಳರ ನಿಯೋಗವೊಂದು ಚೀನಾದ ಸುಂಗ್ ಆಸ್ಥಾನಕ್ಕೆ ಹೋಗಿತ್ತು. ನಮ್ಮ ಐಹೊಳೆಯ ಹೆಸರಿನ ಅಯ್ಯಾವೊಳೆ ಐನೂರ್ವರ ವ್ಯಾಪಾರ ಸಂಘದ ತಮಿಳು ಶಾಸನ ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕಿದೆ, ಅದರ ಕಾಲ 1088. ಮಲಪ್ರಭೆಯ ದಡದ ಊರಿನ ಹೆಸರು ಕರ್ಪೂರ ಸಿಗುವ ಆ ದೂರದ ಕರಾವಳಿಯವರೆಗೆ ಹೋಗಿತ್ತು. ಇದೇ ದಶಕದಲ್ಲಿ, 1119ರಲ್ಲಿ ಪೂರ್ಣಗೊಂಡ ಒಂದು ಚೀನೀ ಗ್ರಂಥವು ನಾವಿಕರು ರಾತ್ರಿ ನಕ್ಷತ್ರವನ್ನೂ ಹಗಲು ಸೂರ್ಯನನ್ನೂ ನೋಡಿ ದಾರಿ ಹಿಡಿಯುವರೆಂದೂ, ಮೋಡ ಕವಿದಾಗ ದಕ್ಷಿಣ ತೋರುವ ಸೂಜಿಯನ್ನು ನೋಡುವರೆಂದೂ ಹೇಳುತ್ತದೆ. ಕಡಲಿನಲ್ಲಿ ದಿಕ್ಸೂಚಿ ಬಳಸಿದ್ದಕ್ಕೆ ಅತ್ಯಂತ ಹಳೆಯ ಸ್ಪಷ್ಟ ಉಲ್ಲೇಖಗಳಲ್ಲಿ ಇದೊಂದು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಬೇಲೂರಿನಲ್ಲಿ ವಿಷ್ಣುವಿಗೆ ಗುಡಿಯಾದ ಕಾಲದಲ್ಲೇ, 1113ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಸೂರ್ಯವರ್ಮನು ಕಾಂಬೋಜದಲ್ಲಿ ಅದೇ ದೇವರಿಗೆ ಅಂಗ್ಕೋರ್ ವಾಟ್ ಕಟ್ಟಿಸಿದ.

ಪ್ರಶ್ನೆ: 1117ರ ಶಾಸನಗಳನ್ನು ಸಾಮಾನ್ಯ ಓದುಗರು ಎಲ್ಲಿ ನೋಡಬಹುದು? (ಕೃಷ್ಣರಾಜನಗರದ ಓದುಗರು)

ಉತ್ತರ: ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಇವೆಲ್ಲ ಅಚ್ಚಾಗಿವೆ. ಶ್ರವಣಬೆಳಗೊಳದ ಸಂಪುಟ 1889ರದು, ಮೈಸೂರು ಜಿಲ್ಲೆಯ ಮೊದಲ ಭಾಗ 1894ರದು, ಹಾಸನದ್ದು 1902ರದು. ಆಗ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲವಾದ್ದರಿಂದ ತಿಪ್ಪೂರಿನ ಶಾಸನವನ್ನು ಮೈಸೂರು ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕೆಳಗೆ ಹುಡುಕಬೇಕು. ಬೇಲೂರಿನ ಪ್ರತಿಷ್ಠೆಯ ಶಾಸನ ಹಾಸನ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ 58ನೆಯ ಸಂಖ್ಯೆಯದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಪರಿಷ್ಕರಿಸಿ ಹೊರತಂದಿರುವ ಹೊಸ ಸಂಪುಟಗಳಲ್ಲಿ ಪಾಠಗಳು ಇನ್ನಷ್ಟು ಶುದ್ಧವಾಗಿವೆ. ಹಳಗನ್ನಡ ಮೊದಲಿಗೆ ಕಷ್ಟವೆನಿಸಿದರೆ ದಾನದ ಭಾಗದಿಂದ ಓದಲು ಆರಂಭಿಸಿ. ಅರಸನ ಪ್ರಶಸ್ತಿಯ ಪದ್ಯಗಳಿಗಿಂತ ಅಲ್ಲಿನ ಭಾಷೆ ಸರಳ, ಊರಿನ ಎಲ್ಲೆ ಹೇಳುವ ಮಾತುಗಳಲ್ಲಿ ಹಲವು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿವೆ. ಕಲ್ಲನ್ನೇ ನೋಡಹೋಗುವವರು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ಅಕ್ಷರಗಳು ಆಗ ತಾವಾಗಿಯೇ ಎದ್ದು ಕಾಣುತ್ತವೆ. ಅವುಗಳ ಮೇಲೆ ಸುಣ್ಣ, ಎಣ್ಣೆ, ಅರಿಸಿನ ಹಚ್ಚಬೇಡಿ, ಹಚ್ಚುವವರನ್ನು ಕಂಡರೆ ವಿನಯದಿಂದ ತಡೆಯಿರಿ.